ಕೂಗಿ ಹೇಳಿದ ಕಾಯಿಲೆ

ತೊಂಬತ್ತರ ದಶಕದಲ್ಲಿ ಕೊಟ್ಟಿಗೆಹಾರದಲ್ಲಿ ನನಗೆ ಸಿಗುತ್ತಿದ್ದ ಫೋನೆಂದರೆ ಹೋಟೆಲಿನದ್ದು. ಲೈನು ಎಷ್ಟು ಹಾಳೆಂದರೆ, ಮೂಡಿಗೆರೆಯ ಡಾಕ್ಟರಿಗೆ ನನ್ನ ಮೂಲವ್ಯಾಧಿಯನ್ನು ಕೂಗಿಯೇ ಹೇಳಬೇಕಿತ್ತು. ದೋಸೆ ತಿನ್ನುತ್ತಿದ್ದವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಪೆನ್ಸಿಲಿನ್ ನನಗೆ ಆಗುವುದಿಲ್ಲ ಎಂಬುದೂ ಹೀಗೇ ಊರಿಗೆಲ್ಲ ಗೊತ್ತಾಯಿತು. ಬಸ್ಸಿನಲ್ಲಿ ‘ಈಗ ಕೂರಕ್ಕಾಗ್ತದಾ ಮಾರಾಯ್ರೆ’ ಎಂದು ಕೇಳಿದವರ ಮೇಲೆ ಉರಿದುಬೀಳುತ್ತಿದ್ದೆ.

ಒಮ್ಮೆ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಪ್ರಜ್ಞೆ ತಪ್ಪಿತು. ಆ ದೋಸೆಯವರೇ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೊತ್ತೊಯ್ದರು. ಗುರುತಿಲ್ಲದ ಡಾಕ್ಟರು ಸೂಜಿ ಎತ್ತಿದ್ದೇ ತಡ, ‘ಇವ್ರಿಗೆ ಪೆನ್ಸಿಲಿನ್ ಆಗಲ್ಲ’ ಎಂದು ಎಲ್ಲರೂ ಒಟ್ಟಿಗೆ ಕೂಗಿದರಂತೆ. ಜೀವ ಉಳಿಯಿತು.

ಎಚ್ಚರವಾದಾಗ ನರ್ಸಮ್ಮ ಇಡೀ ವಾರ್ಡಿನೆದುರು ನಡುವೆ ತೂತಿರುವ ದಿಂಬೊಂದನ್ನು ತಂದುಕೊಟ್ಟರು. ಉಳಿದದ್ದನ್ನೂ ಹೇಳಿಬಿಟ್ಟಿದ್ದರು ಪುಣ್ಯಾತ್ಮರು. ಎಲ್ಲರಿಗೂ ಸರಿಯಾಗಿ ಬೈಯಬೇಕೆಂದು ಎದ್ದು ಕೂತೆ. ದಿಂಬು ಹಿತವಾಗಿತ್ತು.