ದೂರಕ್ಕೊಂದು ಕೊಂಬು

ನಿನ್ನೆ ನನ್ನ ಮೊಮ್ಮಗಳು ಮನೆಗೆ ಬಂದಳು! ಇಪ್ಪತ್ತೆರಡು ದಿನದ ಕೂಸು. ಹತ್ತೂವರೆಗೆ ಆಲ್ದೂರಿನಿಂದ ಕಾರಿನಲ್ಲಿ ಬಂದು, ಹನ್ನೊಂದೂವರೆಗೆಲ್ಲ ನನ್ನ ಕಾಲ ಮೇಲೆ ಮಲಗಿ, ನಮ್ಮದೇ ಬಾವಿಯ ನೀರಿನಲ್ಲಿ ಎಣ್ಣೆ ಸ್ನಾನ ಮಾಡಿಸಿಕೊಂಡಳು. ಮೊದಲ ಚೊಂಬು ಬಿದ್ದಾಗ ಹುಬ್ಬು ಗಂಟು ಹಾಕಿ ನನ್ನನ್ನು ಒಂದು ಸಲ ನೋಡಿದಳು. ಎರಡನೇ ಚೊಂಬಿಗೆ ಆಕಳಿಸಿದಳು. ಮೂರನೇ ಚೊಂಬಿಗೆ ನನ್ನ ಸೀರೆಯನ್ನೂ ತೋಯಿಸಿದಳು. ಆ ಸೀರೆಯನ್ನು ಇನ್ನೂ ಒಗೆಯಲು ಹಾಕಿಲ್ಲ ನಾನು. ನಗುವವರು ನಗಲಿ.

ಬಾಣಂತನ ತವರಿನಲ್ಲಿ ಆಗುವುದು ದೊಡ್ಡ ಸುದ್ದಿಯಾ ಎಂದು ನೀವು ಕೇಳಬಹುದು. ನಮಗೆ ಅದು ಕೋರ್ಟಿನ ತನಕ ಹೋಗಿ ಬಂದ ಸುದ್ದಿ. ನಾನು ಮೂರನೇ ಕ್ಲಾಸು ಓದಿದವಳು, ಅಕ್ಷರ ತಪ್ಪಿದರೆ ಓದುವವರು ತಿದ್ದಿಕೊಳ್ಳಿ. ನನ್ನದೊಂದು ತಪ್ಪು ಅಕ್ಷರ ಏನು ಮಾಡಿತು ಎನ್ನುವುದನ್ನೇ ಈಗ ಬರೆಯಲು ಕೂತಿದ್ದೇನೆ.

ನಮ್ಮ ಮನೆ ಇರುವುದು ಗೋಣಿಬೀಡಿನಿಂದ ಒಂದು ಸ್ಟಾಪ್ ಮುಂದೆ. ನಾನು ನಲವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ಹಣ್ಣು ಕುಯ್ದವಳು. ಮನೆಯವರು ಅದೇ ಎಸ್ಟೇಟಿನ ಮೇಸ್ತ್ರಿ, ಅಂದರೆ ಕುಯ್ಯುವವರ ಹಿಂದೆ ನಿಂತು ಕೂಗುವ ಕೆಲಸ. ಈಗ ಇಬ್ಬರೂ ಕೆಲಸ ಬಿಟ್ಟಿದ್ದೇವೆ, ಅವರು ಕೂಗುವುದನ್ನು ಮಾತ್ರ ಬಿಟ್ಟಿಲ್ಲ. ನಮ್ಮ ಮನೆಯ ಮೇಲ್ಗಡೆ ದಿಬ್ಬದಲ್ಲಿ ಒಂದು ಫ್ಯಾಕ್ಟರಿ ಇದೆ. ಕಾಫಿ ಹೊಟ್ಟನ್ನು ಒತ್ತಿ ಒಲೆಗೆ ಹಾಕುವ ಬಿಲ್ಲೆ ಮಾಡುತ್ತಾರೆ. ಆನೆ ಮಲಗಿದಂತೆ ಹೊಟ್ಟಿನ ರಾಶಿ ಬಿದ್ದಿರುತ್ತದೆ.

ಈ ವರ್ಷ ಕುಯ್ಲು ಮುಗಿಯುವ ಹೊತ್ತಿನಲ್ಲಿ, ನಡುಮಧ್ಯಾಹ್ನ, ಆ ರಾಶಿಗೆ ಬೆಂಕಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಹೊಟ್ಟಿನ ಬೆಂಕಿ ಮರದ ಬೆಂಕಿಯ ಹಾಗಲ್ಲ. ಮೇಲೆ ಆರಿದಂತೆ ಕಂಡು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಬೆಂಕಿ ನಂದಿಸುವ ಗಾಡಿಗಳು ಬಂದು ಮೂರು ದಿನ ನೀರು ಹೊಡೆದವು, ಹೊಗೆ ಎಂಟು ದಿನ ಎದ್ದಿತು. ನಮ್ಮವರು ಬೇಲಿ ಪಕ್ಕ ನಿಂತು ನೀರು ಹೊಡೆಯುವವರಿಗೆ ಕೂಗುತ್ತಿದ್ದರು.

"ಹೋಯ್, ಆ ಸಾಲು ಬಿಟ್ರಲ್ಲ! ಒಂದು ಸಾಲು ಪೂರ್ತಿ ಮುಗ್ಸಿ ಇನ್ನೊಂದಕ್ಕೆ ಹೋಗ್ರಪ್ಪಾ!"

ಪೈಪು ಹಿಡಿದವನೊಬ್ಬ ತಿರುಗಿ, "ಯಜಮಾನ್ರೇ, ಇದು ಕಾಫಿ ಗಿಡ ಅಲ್ಲ, ಬೆಂಕಿ" ಎಂದ.

"ಎಂತಾದ್ರೂ ಆಗ್ಲಿ, ಸಾಲು ಸಾಲೇ" ಎಂದರು ಇವರು.

ರಾಶಿಗೆ ಹೊಡೆದ ನೀರೆಲ್ಲ ಕಪ್ಪಾಗಿ ದಿಬ್ಬ ಇಳಿದು ನಮ್ಮ ಬಾವಿ ಸೇರಿತು. ನಾಲ್ಕನೇ ದಿನ ಕೊಡ ಇಳಿಸಿ ಎತ್ತಿದರೆ ನೀರು ಡಿಕಾಕ್ಷನ್ ಬಣ್ಣ, ಸುಟ್ಟ ಗೋಣಿಯ ವಾಸನೆ. ಹಸು ಮೂಸಿ ನೋಡಿ ನನ್ನನ್ನೇ ಬೈಯುವಂತೆ ಮುಖ ತಿರುಗಿಸಿತು. ಆಗ ನಮ್ಮವರು ತಲೆಯ ಮೇಲೆ ಟವೆಲ್ ಹಾಕಿಕೊಂಡು, "ಹೊಟ್ಟು ಉರ್ದಿದ್ದು ಅವ್ರದ್ದು, ಹೊಟ್ಟೆ ಉರ್ದಿದ್ದು ನಮ್ದು" ಎಂದರು. ಅವರು ಮೇಸ್ತ್ರಿ ಆದಾಗಿನಿಂದ ಆಡಿದ ಒಂದೇ ಒಳ್ಳೆಯ ಮಾತು ಅದು.

ಮಗಳು ಆಗ ಆರು ತಿಂಗಳ ಬಸುರಿ. ಕೊಟ್ಟಿರುವುದು ಆಲ್ದೂರಿಗೆ. ನಮ್ಮ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಒಳ್ಳೆಯ ಹೆಂಗಸು. ಆದರೆ ಶುಚಿಯ ವಿಷಯಕ್ಕೆ ಬಂದರೆ ತೊಳೆದ ಲೋಟವನ್ನು ಇನ್ನೊಂದು ಸಲ ತೊಳೆದು ನೀರು ಕುಡಿಯುವವರು. ಬೆಂಕಿಯ ಸುದ್ದಿ ಕೇಳಿ ನೋಡಿಕೊಂಡು ಹೋಗಲು ಬಂದರು. ನೇರವಾಗಿ ಬಾವಿಯ ಹತ್ತಿರ ಹೋಗಿ, ಕೊಡಕ್ಕೆ ಮೂಗು ಇಟ್ಟು, ಮೂಗು ತೆಗೆದರು.

"ಅಕ್ಕ, ಇದ್ರಲ್ಲಿ ಕೂಸಿಗೆ ನೀರು ಹಾಕ್ತೀರಾ?"

"ಅಷ್ಟೊತ್ತಿಗೆ ಸರಿ ಆಗ್ತದೆ."

"ಬೇಡ ಬಿಡಿ. ಬಾಣಂತನ ನಾವೇ ಮಾಡ್ತೀವಿ. ನೀವು ಬಂದು ನೋಡ್ಕೊಂಡು ಹೋಗಿ."

ನೋಡ್ಕೊಂಡು ಹೋಗಿ! ಮೊದಲ ಮೊಮ್ಮಗುವನ್ನು ನಾನು ನೆಂಟರ ಹಾಗೆ, ಕೈಯಲ್ಲಿ ಬಿಸ್ಕತ್ ಪೊಟ್ಟಣ ಹಿಡಿದುಕೊಂಡು, ನೋಡಿಕೊಂಡು ಹೋಗುವುದಾ? ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಫೋನು ಮಾಡಿ ಕೇಳಿದೆ, ನೀರು ಸರಿಯಾದರೆ ಕಳಿಸುತ್ತೀರಾ ಎಂದು. "ಸರಿ ಆಗಿದೆ ಅಂತ ಸರ್ಕಾರದವ್ರು ಬರ್ದು ಕೊಟ್ರೆ ನಾನೇ ಕರ್ಕೊಂಡು ಬಂದು ಬಿಡ್ತೀನಿ ಅಕ್ಕ" ಎಂದರು. ನನ್ನ ಬಾಯಿಮಾತಿಗೆ ಬೆಲೆ ಇಲ್ಲ, ಕಾಗದ ಬೇಕು.

ಫ್ಯಾಕ್ಟರಿಗೆ ಹೋದೆವು. ಮ್ಯಾನೇಜರು ಕೂರಿಸಿ ಟೀ ಕೊಟ್ಟರು. ಬಾವಿ ದೂರ ಇದೆ, ನಮ್ಮ ನೀರು ಅಲ್ಲಿಯವರೆಗೆ ಬರುವುದಿಲ್ಲ, ಆದರೂ ಮನುಷ್ಯತ್ವಕ್ಕೆ ಟ್ಯಾಂಕರ್ ಕಳಿಸುತ್ತೇವೆ ಎಂದರು. ಮನುಷ್ಯತ್ವ ಎರಡು ದಿನ ಬಂತು, ಮೂರನೇ ದಿನ ಟ್ಯಾಂಕರ್ ಕೆಟ್ಟಿದೆ ಎಂದರು.

ಆಗ ನಮ್ಮ ಅಂಗನವಾಡಿ ಟೀಚರು, ಮೂಡಿಗೆರೆ ಕೋರ್ಟಿನಲ್ಲಿ ಬಿಟ್ಟಿಯಾಗಿ ಕಾನೂನು ಹೇಳುವ ಒಂದು ಕೋಣೆ ಇದೆ ಎಂದರು. ಇಬ್ಬರೂ ಒಗೆದ ಬಟ್ಟೆ ಹಾಕಿಕೊಂಡು ಬಸ್ಸು ಹತ್ತಿದೆವು. ಕೋಣೆಯಲ್ಲಿ ಕರಿ ಕೋಟಿನ ಒಬ್ಬಳು ಹುಡುಗಿ ವಕೀಲೆ. ನನ್ನ ಮಗಳಿಗಿಂತ ಚಿಕ್ಕವಳು. ನಮ್ಮವರು ಎದ್ದು ನಿಂತು, ಎದೆ ಸೆಟೆದು, ಕಥೆ ಶುರು ಮಾಡಿದರು. ಅವಳು ಪೂರ್ತಿ ಕೇಳಿ, "ಹೆಂಗಸ್ರಿಗೆ ಆದಾಯ ಎಷ್ಟಿದ್ರೂ ನಾವು ವಕೀಲರನ್ನ ಪುಕ್ಕಟೆ ಕೊಡ್ತೀವಿ. ಅರ್ಜಿ ಅಜ್ಜಿ ಹೆಸ್ರಲ್ಲೇ ಇರ್ಲಿ" ಎಂದಳು.

"ನಂಗೆ?" ಎಂದರು ಇವರು.

"ನಿಮ್ಗೆ ಆದಾಯದ ಸರ್ಟಿಫಿಕೇಟ್ ಬೇಕಾಗ್ತದೆ ಅಜ್ಜ."

ಇವರು ಕೂತರು. ಎದೆ ಅದರ ಜಾಗಕ್ಕೆ ಹೋಯಿತು.

ಆಮೇಲೆ ಆ ಹುಡುಗಿ ಬಿಡಿಸಿ ಹೇಳಿದಳು. ಪೊಲೀಸರು ಬೆಂಕಿಯ ಮಹಜರು ಮಾಡಿದ್ದರೆ ಅದರ ನಕಲು ತೆಗೆಯಬೇಕು. ಚಿಕ್ಕಮಗಳೂರಿನ ಮಾಲಿನ್ಯದ ಆಫೀಸಿಗೆ ಬರೆದರೆ ಅವರು ಬಂದು ನೀರು ಪರೀಕ್ಷೆ ಮಾಡುತ್ತಾರೆ. ಪರಿಹಾರ ಬೇಕೆಂದರೆ ಸಿವಿಲ್ ದಾವೆ ಹಾಕಬಹುದು, ಅದು ವರ್ಷಗಟ್ಟಲೆ ಎಳೆಯುತ್ತದೆ. ಪರಿಸರದ ವಿಷಯಕ್ಕೇ ಅಂತ ಚೆನ್ನೈಯಲ್ಲಿ ಒಂದು ಪೀಠ ಇದೆ. ಅದೆಲ್ಲ ಬೇಡ ಎಂದರೆ, ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ಎದುರುಬದುರು ಕೂತು ರಾಜಿ ಮಾಡಿಕೊಳ್ಳಬಹುದು. ಆದರೆ ಅದಕ್ಕೆ ಫ್ಯಾಕ್ಟರಿಯವರೂ ಒಪ್ಪಬೇಕು.

ನಮ್ಮವರು ಗಂಭೀರವಾಗಿ ಯೋಚಿಸಿ ಕೇಳಿದರು, "ಇದ್ರಲ್ಲಿ ಒಂದೇ ಬಸ್ಸಲ್ಲಿ ಹೋಗಿ ಬರೋ ಕಾನೂನು ಯಾವ್ದಮ್ಮ?"

"ಲೋಕ ಅದಾಲತ್ತು. ಇಲ್ಲೇ, ಮೂಡಿಗೆರೇಲೇ."

"ಹಂಗಾದ್ರೆ ಅದೇ ಸರಿ. ಚೆನ್ನೈಗೆ ಬಣಕಲ್ ಮೇಲೆ ಹೋಗ್ಬೇಕೋ ಹಾಸನದ ಮೇಲೋ, ಯಾರಿಗ್ಗೊತ್ತು."

ನಾನು ಕೇಳಿದ್ದು ಬೇರೆ. "ಮೂರು ತಿಂಗಳ ಒಳಗೆ ಆಗುವಂಥದ್ದು ಯಾವುದು?" ಅವಳು ನನ್ನ ಮುಖ ನೋಡಿ, ಮೂರು ತಿಂಗಳು ಯಾಕೆ ಎಂದಳು. ಹೇಳಿದೆ. ನಗಲಿಲ್ಲ ಅವಳು. ಅದಕ್ಕೂ ಲೋಕ ಅದಾಲತ್ತೇ ಎಂದಳು. ಒಂದು ಫಾರಂ ಕೊಟ್ಟು, "ಯಾವ ದಿನ ಏನಾಯ್ತು, ದೂರು ವಿವರವಾಗಿರ್ಲಿ ಅಜ್ಜಿ. ವಿವರ ಇದ್ರೇನೇ ಗಟ್ಟಿ" ಎಂದಳು.

ಮನೆಗೆ ಬಂದು ಫಾರಂ ಬಿಡಿಸಿದೆ. ನಮ್ಮವರು ಮುನಿಸಿಕೊಂಡು, "ನಿನ್ನ ಹೆಸ್ರಿನ ಅರ್ಜಿ, ನೀನೇ ಬರಿ" ಎಂದು ಹಸುವಿಗೆ ಹುಲ್ಲು ಹಾಕಲು ಹೋದರು. ಹೆಸರು ಬರೆದೆ, ಊರು ಬರೆದೆ. ಕೆಳಗೆ ಗೆರೆ ಎಳೆದ ಒಂದು ಚೌಕದಲ್ಲಿ "ಘಟನಾ ಸ್ಥಳದಿಂದ ದೂರ" ಎಂದು ಅಚ್ಚಾಗಿತ್ತು. ನಾನು ಅದನ್ನು ದೂರು ಎಂದು ಓದಿಕೊಂಡೆ. ಆ ಹುಡುಗಿ ವಿವರವಾಗಿರಲಿ ಎಂದಿದ್ದಾಳೆ, ಇವರು ನೋಡಿದರೆ ಎರಡು ಬೆರಳು ಜಾಗ ಬಿಟ್ಟಿದ್ದಾರೆ! ಸರ್ಕಾರಕ್ಕೆ ಬಡವರ ದೂರು ಎಂದರೆ ಇಷ್ಟೇ ಅಂತ ಬೈದುಕೊಂಡು, ಎರಡು ಬೆರಳಿನಲ್ಲಿ ಶುರು ಮಾಡಿ, ಅಂಚಿಗೆ ಇಳಿದು, ಹಿಂದುಗಡೆ ತುಂಬಿಸಿ, ಇನ್ನೂ ಎರಡು ಹಾಳೆ ಹಚ್ಚಿ ಬರೆದೆ. ಅದನ್ನು ಕೊಟ್ಟಾಗ ಗುಮಾಸ್ತರು ಓದಲೂ ಇಲ್ಲ, ಪಿನ್ನು ಹೊಡೆದು ರಾಶಿಯ ಮೇಲೆ ಹಾಕಿದರು.

ಮಾಲಿನ್ಯದ ಆಫೀಸಿನವರು ಬಂದು ಬಾಟಲಿಯಲ್ಲಿ ನೀರು ಕೊಂಡುಹೋದರು, ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ನಮ್ಮ ಹಸು ಅದನ್ನು ಮೊದಲೇ ಹೇಳಿತ್ತು. ಫ್ಯಾಕ್ಟರಿಯವರು ಮಾತುಕತೆಗೆ ಒಪ್ಪಿದರು. ಅದಾಲತ್ತಿನ ದಿನ ದೊಡ್ಡ ಮೇಜಿನ ಆಚೆ ನಿವೃತ್ತ ಜಡ್ಜು ಸಾಹೇಬರು, ಈಚೆ ಒಂದು ಕಡೆ ನಾವು ಮತ್ತು ನಮ್ಮ ವಕೀಲ ಹುಡುಗಿ, ಇನ್ನೊಂದು ಕಡೆ ಮ್ಯಾನೇಜರು.

"ಸರ್, ನೀರು ಕೆಟ್ಟಿರಬಹುದು, ಇಲ್ಲ ಅನ್ನಲ್ಲ. ಆದ್ರೆ ನಮ್ಮಿಂದ ಅಂತ ಹೇಗೆ? ದೂರ ನೋಡಿ ಸರ್" ಎಂದರು ಮ್ಯಾನೇಜರು.

ಸಾಹೇಬರು ಕನ್ನಡಕ ಏರಿಸಿ, "ದೂರ ಎಷ್ಟು ಬರ್ದಿದ್ದಾರೆ ನೋಡೋಣ" ಎಂದು ನನ್ನ ಅರ್ಜಿ ತೆಗೆದರು. ಓದಿದರು. ಹಾಳೆ ತಿರುಗಿಸಿದರು. ಇನ್ನೊಂದು ಹಾಳೆ ತಿರುಗಿಸಿದರು.

"ಏನಮ್ಮ, ನಿಮ್ಮ ದೂರ ಮೂರು ಹಾಳೆ ಇದೆಯಲ್ಲ?"

"ಇನ್ನೂ ಇತ್ತು ಸ್ವಾಮಿ. ಮನೇಲಿ ಹಾಳೆ ಮುಗೀತು."

ನಮ್ಮ ಹುಡುಗಿ ಬಗ್ಗಿ ನೋಡಿ ಹಣೆಗೆ ಕೈ ಇಟ್ಟುಕೊಂಡಳು. "ಅಜ್ಜಿ, ಇದು ದೂರ. ಎಷ್ಟು ಮೀಟರ್ ಅಂತ ಬರೀಬೇಕಿತ್ತು. ಇಲ್ಲಿ ರಕಾರಕ್ಕೆ ಕೊಂಬಿಲ್ಲ ನೋಡಿ."

ನನಗೆ ಕಿವಿಯವರೆಗೆ ಬಿಸಿಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಕೊಂಬಿಲ್ದೆ ಹಾಯೋದು ಹೆಂಗಮ್ಮ? ಅದ್ಕೇ ನಾನೇ ಹಚ್ಚಿದೆ" ಎಂದೆ.

ಸಾಹೇಬರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ನಮ್ಮವರು ಮಾತ್ರ ನನ್ನನ್ನು ಕಂಡೇ ಇಲ್ಲದವರಂತೆ ಫ್ಯಾನು ನೋಡುತ್ತಿದ್ದರು. ಆಮೇಲೆ ಸಾಹೇಬರು, "ಬರ್ದಿದ್ದನ್ನ ಓದೋಣ, ಪಾಪ ಕಷ್ಟಪಟ್ಟು ಬರ್ದಿದ್ದಾರೆ" ಎಂದು ಗಟ್ಟಿಯಾಗಿ ಓದಿದರು.

"ಒಂದನೇ ದಿನ ನನ್ನ ಸಂಡಿಗೆ ಮೇಲೆ ಬೂದಿ. ಎರಡನೇ ದಿನ ಫ್ಯಾಕ್ಟರಿ ಒಳಗೆ ನೀರು ನಿಂತಿತು, ಅವರ ಆಳು ಬಂದು ನಮ್ಮ ಕಡೆ ಗೋಡೆ ಬುಡದಲ್ಲಿ ಗುದ್ದಲಿಯಿಂದ ಕಂಡಿ ತೆಗೆದ. ಬಿಸಿಲಿತ್ತು, ಪಾಪ ಅಂತ ನಾನೇ ಮಜ್ಜಿಗೆ ಕೊಟ್ಟೆ. ಕಂಡಿಯಿಂದ ಕರಿ ನೀರು ಸೀಬೆ ಮರದ ಬುಡಕ್ಕೆ ಬಂದು, ಮೂರನೇ ದಿನ ಬಾವಿ ಕಟ್ಟೆ ಮುಟ್ಟಿತು. ಆರನೇ ದಿನ ಮ್ಯಾನೇಜರು ಬಂದು ಬಾವಿ ಕಟ್ಟೆ ಹತ್ತಿ ನೋಡಿ, ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು, ನೀರು ಸರಿ ಇದೆ ಅಂದರು. ಸರಿ ಇದ್ದರೆ ಮೂಗು ಯಾಕೆ ಮುಚ್ಚಬೇಕು?"

ಸಾಹೇಬರು ಹಾಳೆ ಕೆಳಗಿಟ್ಟರು. "ಕಂಡಿ ತೆಗ್ಸಿದ್ದು ಹೌದಾ?"

ಮ್ಯಾನೇಜರು ಸುಳ್ಳು ಹೇಳುವ ಮನುಷ್ಯ ಅಲ್ಲ, ಅದನ್ನೂ ಬರೆಯಬೇಕು. ಪೆನ್ನಿನ ಮುಚ್ಚಳ ಹಾಕಿ, "ಹೌದು ಸರ್. ನೀರು ನಿಂತಿತ್ತು, ಹೋಗ್ಲಿ ಅಂತ ತೆಗ್ಸಿದ್ವಿ. ಎಲ್ಲಿಗೆ ಹೋಗ್ತದೆ ಅಂತ ಯೋಚ್ನೆ ಮಾಡ್ಲಿಲ್ಲ" ಎಂದರು.

ಆಮೇಲೆ ದೂರದ ಮಾತು ಬರಲಿಲ್ಲ. ಬಾವಿ ಬರಿದು ಮಾಡಿ, ಹೂಳು ತೆಗೆಸಿ, ಕಟ್ಟೆ ಸುತ್ತ ಸಿಮೆಂಟು ಹಾಕಿಸುವುದು, ಕಂಡಿ ಮುಚ್ಚಿ ನೀರಿಗೆ ಬೇರೆ ದಾರಿ ಮಾಡುವುದು, ನೀರು ಯೋಗ್ಯ ಎಂಬ ವರದಿ ಬರುವ ತನಕ ದಿನಾ ಟ್ಯಾಂಕರ್ ಕಳಿಸುವುದು. ಎಲ್ಲ ಅವರದೇ ಖರ್ಚು. ಸಹಿ ಹಾಕುವ ಮೊದಲು ನಮ್ಮ ಹುಡುಗಿ ಒಂದೊಂದು ಸಾಲೂ ಓದಿ ಹೇಳಿ, "ಇಲ್ಲಿ ರಾಜಿಗೆ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲು ಇಲ್ಲ ಅಜ್ಜಿ, ಗೊತ್ತಿರ್ಲಿ" ಎಂದು ಎಚ್ಚರಿಸಿದಳು.

"ಮದ್ವೆ ಇದ್ದಂಗೆ" ಎಂದರು ನಮ್ಮವರು. ಅಂದು ಅವರು ಆಡಿದ ಮೊದಲ ಮಾತು. ನಾನು ಒತ್ತಿ ಸಹಿ ಹಾಕಿದೆ.

ಅಷ್ಟಕ್ಕೇ ಎಲ್ಲ ಮುಗಿಯಿತೇ? ಇಲ್ಲ. ಬಾವಿ ಬರಿದು ಮಾಡುವಾಗ ನಮ್ಮವರು ಮೇಲೆ ನಿಂತು ಕೂಗಿ ಕೂಗಿ, ಆಳುಗಳು ಒಂದು ದಿನ ಕೆಲಸಕ್ಕೇ ಬರಲಿಲ್ಲ. ಮೊದಲ ಪರೀಕ್ಷೆಯಲ್ಲಿ ನೀರು ಫೇಲಾಯಿತು. ಇನ್ನೊಮ್ಮೆ ಬರಿದು ಮಾಡಿ ಕಾಯುತ್ತಿರುವಾಗಲೇ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಕೂಸು ಹುಟ್ಟಿಬಿಟ್ಟಿತು. ನಾನು ಎತ್ತಿಕೊಂಡೆ, ಕೊಟ್ಟೆ. ಅವರು ಆಲ್ದೂರಿಗೆ ಹೋದರು. ಮೂರು ಸಲ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬಂದೆ. ಹೌದು, ಬಿಸ್ಕತ್ ಪೊಟ್ಟಣ ಹಿಡಿದುಕೊಂಡೇ. ಬರುವಾಗ ಪ್ರತಿಸಲವೂ ಕಿಟಕಿ ಪಕ್ಕದ ಸೀಟು ಹಿಡಿಯುತ್ತಿದ್ದೆ, ಯಾರಿಗೂ ಮುಖ ಕಾಣಬಾರದು ಅಂತ.

ಮೊನ್ನೆ ವರದಿ ಬಂತು. ಯೋಗ್ಯ. ಆ ಒಂದು ಪದವನ್ನು ಬೆರಳಿಟ್ಟು ನಾಲ್ಕು ಸಲ ಓದಿದೆ, ಹಿಂದೆ ಮುಂದೆ ಯಾವ ಅಕ್ಷರವೂ ಬಿಟ್ಟಿಲ್ಲ ತಾನೇ ಎಂದು. ಅಳಿಯನ ಫೋನಿಗೆ ಅದರ ಫೋಟೋ ಹೋಯಿತು. ಬೀಗಿತ್ತಿ ಆಡಿದ ಮಾತಿಗೆ ತಪ್ಪಲಿಲ್ಲ. ನಿನ್ನೆ ತಾವೇ ಕೂಸನ್ನು ಎತ್ತಿಕೊಂಡು ಬಂದರು. ಬಂದವರೇ ಬಾವಿಯ ಹತ್ತಿರ ಹೋಗಿ, ಒಂದು ಲೋಟ ಕೇಳಿ, ಅದನ್ನು ತೊಳೆದು, ಇನ್ನೊಂದು ಸಲ ತೊಳೆದು, ನೀರು ತುಂಬಿಸಿ ಗಟಗಟ ಕುಡಿದರು.

"ಅಕ್ಕ, ನಮ್ಮನೆ ನೀರಿಗಿಂತ ಸಿಹಿ ಇದೆ."

"ಸರ್ಕಾರ ಬರ್ದು ಕೊಟ್ಟಿದೆಯಾ, ಸಿಹಿ ಅಂತ?" ಎಂದೆ. ಇಬ್ಬರೂ ನಕ್ಕೆವು. ನಕ್ಕು, ಅವರು ಕೂಸನ್ನು ನನ್ನ ಕೈಗೆ ಕೊಟ್ಟರು.

ಸಂಜೆ ಅವರನ್ನು ಹೋಗಲು ಬಿಡಲಿಲ್ಲ. ಬಾಣಂತಿಗೆ ಮೆಣಸು, ಬೆಳ್ಳುಳ್ಳಿ ಹಾಕಿದ ಸಾರು, ಬಿಸಿ ಅನ್ನ, ಮೇಲೆ ತುಪ್ಪ. ಉಳಿದವರಿಗೆ ಕಡುಬು, ಕೋಳಿ ಸಾರು. ಅಳಿಯ ಆರನೇ ಕಡುಬಿಗೆ ಸಾಕು ಎಂದಾಗ ನಮ್ಮವರು, "ಎಂತ ಮಾರಾಯಾ, ಅರ್ಧ ಸಾಲಿಗೇ ಬಿಟ್ಟು ಏಳ್ತೀಯಾ" ಎಂದು ಇನ್ನೆರಡು ಬಡಿಸಿದರು. ಮಗಳು ಸಾರಿನ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಇನ್ನೊಂದು ಸೌಟು ಹಾಕಿಸಿಕೊಂಡಳು. ಕೂಸು ನನ್ನ ಮಡಿಲಲ್ಲಿ ನಿದ್ದೆ ಹೋಗಿತ್ತು. ನನ್ನ ಬಲಗೈ ಅದರ ತಲೆಯ ಕೆಳಗೆ ಸಿಕ್ಕಿಕೊಂಡು ತಟ್ಟೆ ಮುಟ್ಟಲಾಗದೆ ಕೂತಿದ್ದೆ. ಬೀಗಿತ್ತಿ ಹತ್ತಿರ ಸರಿದು, ಕಡುಬು ಮುರಿದು ಸಾರಿನಲ್ಲಿ ಅದ್ದಿ, "ಬಾಯಿ ತೆಗೀರಿ ಅಕ್ಕ" ಎಂದರು.