ಗಂಗವ್ವ ಆಡದ ಮಾತು

ಎರಡು ವರ್ಷಗಳ ಹಿಂದೆ ನಾನು ಕೊಲ್ಹಾಪುರದ ಒಂದು ಸಣ್ಣ ಸಂಸ್ಥೆಯಲ್ಲಿ ನೀತಿ ಸಲಹೆಗಾರ್ತಿಯಾಗಿದ್ದೆ. ಎಐ, ಅಂದರೆ ಕೃತಕ ಬುದ್ಧಿಮತ್ತೆಯಿಂದ ಯಾರಿಗಾದರೂ ಅನ್ಯಾಯವಾದಾಗ ಕಂಪನಿಗಳ ಜೊತೆ ಮಾತಾಡುವುದು, ಅದು ಮತ್ತೆ ಆಗದಂತೆ ನಿಯಮ ತರಲು ಸರ್ಕಾರದ ಬೆನ್ನು ಹತ್ತುವುದು ನಮ್ಮ ಕೆಲಸ. ನನ್ನ ತವರು ಗಡಹಿಂಗ್ಲಜ, ಮನೆಮಾತು ಕನ್ನಡ. ಹಾಗಾಗಿ ಕನ್ನಡದವರ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು.

ಹಾಗೆ ಬಂದವರು ಗಂಗವ್ವ. ಇಚಲಕರಂಜಿಯ ಮಗ್ಗದ ಕಾರ್ಖಾನೆಯೊಂದರಲ್ಲಿ ನೂಲು ಸುತ್ತುವ ಕೆಲಸ ಅವರದು. ಕುರ್ಚಿಯ ತುದಿಯಲ್ಲಿ ಕೂತು, ತಮ್ಮ ಓಣಿಯವರಿಗೆ ಬಂದ ಕರೆಯೊಂದರ ರೆಕಾರ್ಡಿಂಗನ್ನು ಫೋನಿನಲ್ಲಿ ಹಚ್ಚಿದರು. "ನಾಳಿಂದ ನಿಮ್ಮ ಪಾಳಿ ಇಲ್ಲ. ಕೆಲಸಕ್ಕ ಬರಬ್ಯಾಡ್ರಿ," ಎಂದಿತು ಒಂದು ಹೆಣ್ಣುದನಿ. ಅದು ನನ್ನೆದುರು ಕೂತಿದ್ದ ಗಂಗವ್ವನದೇ ದನಿ.

"ನಾ ಅಂದಿಲ್ರಿ ಮೇಡಂ. ದನಿ ನಂದ ಐತಿ, ಮಾತು ನಂದಲ್ಲ. ಓಣ್ಯಾಗ ಯಾರೂ ನಂಬವಲ್ರು."

ಹಿಂದೊಮ್ಮೆ ಒಂದು ಕಂಪನಿ ಗಡಿಭಾಗದ ರೈತರಿಗೆ ಕನ್ನಡದಲ್ಲಿ ಹವಾಮಾನ ತಿಳಿಸುವ ಸೇವೆಗೆಂದು ಗಂಗವ್ವನ ದನಿ ರೆಕಾರ್ಡ್ ಮಾಡಿಕೊಂಡಿತ್ತು. ಹಾಗೆ ಪಡೆದ ದನಿಯಿಂದ ಆ ವ್ಯಕ್ತಿ ಎಂದೂ ಆಡದ ಮಾತನ್ನೂ ಯಂತ್ರ ಆಡಬಲ್ಲದು. ಇದಕ್ಕೆ ವಾಯ್ಸ್ ಕ್ಲೋನಿಂಗ್ ಎನ್ನುತ್ತಾರೆ. ಕಂಪನಿ ಗಂಗವ್ವನನ್ನು ಕೇಳದೆಯೇ ಆ ದನಿಯನ್ನು ಕಾರ್ಖಾನೆಗಳ ಪರವಾಗಿ ಕೆಲಸಗಾರರಿಗೆ ಕರೆ ಮಾಡುವ ಇನ್ನೊಂದು ಸೇವೆಗೆ ಕೊಟ್ಟಿತ್ತು. ಪಕ್ಕದ ಮನೆಯ ರೇಣುಕಾಳ ಗಂಡನಿಗೂ ಅದೇ ದನಿಯಲ್ಲಿ ಕರೆ ಬಂದು ಕೆಲಸ ಹೋಗಿತ್ತು. ಗಂಗವ್ವ ಮಾಲೀಕರ ಕಡೆ ಸೇರಿದ್ದಾಳೆಂದು ಇಡೀ ಓಣಿ ಅವರ ಜೊತೆ ಮಾತು ಬಿಟ್ಟಿತ್ತು.

ನಾವು ಕರೆಸಿದಾಗ ಕಂಪನಿಯವರು ನಮ್ಮ ಕಚೇರಿಗೆ ಬಂದರು. ಗಂಗವ್ವನ ಎದುರಿಗೇ ತಪ್ಪು ಒಪ್ಪಿಕೊಂಡು, ಕರೆಗಳಲ್ಲಿ ಆ ದನಿಯನ್ನು ಅಂದೇ ನಿಲ್ಲಿಸುತ್ತೇವೆಂದರು. ಕೆಲಸ ಮುಗಿಯಿತೆಂದು ನಾನು ಏಳುವುದರಲ್ಲಿದ್ದೆ. ಗಂಗವ್ವ ಏಳಲಿಲ್ಲ.

"ಈಗ ಬಂದ್ ಮಾಡಿದ್ರ ಮಂದಿ ಏನಂತಾರ್ರಿ? ಸಿಕ್ಕಬಿದ್ಲು, ಅದಕ್ಕ ಬಾಯಿ ಮುಚ್ಯಾಳ ಅಂತಾರ. ನೀವ ನಮ್ಮ ಓಣಿಗೆ ಬಂದು ಹೇಳ್ರಿ."

ಕಂಪನಿಯ ವಕೀಲರು ಆಗುವುದಿಲ್ಲವೆಂದರು. ಅವರ ಜೊತೆ ಬಂದಿದ್ದ ಇಂಜಿನಿಯರ್ ಕೇತಕಿ ಮರಾಠಿಯಲ್ಲಿ ಮೆಲ್ಲಗೆ, "ಮೀ ಯೇತೆ. ಆವಾಜ್ ಮೀಚ್ ಬನವಲಾ," ಎಂದಳು. ನಾನೇ ಬರುತ್ತೇನೆ, ಆ ದನಿ ಮಾಡಿದ್ದು ನಾನೇ ಎಂದು ಅದರರ್ಥ. ನೌಕರಿಗೆ ಕುತ್ತು ಬರಬಹುದೆಂದು ಗೊತ್ತಿದ್ದೂ ಹಾಗೆಂದಳು.

ರಜೆಯ ದಿನ ಓಣಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೇತಕಿ ಎಲ್ಲವನ್ನೂ ವಿವರಿಸಿದಳು, ನಾನು ಕನ್ನಡದಲ್ಲಿ ಹೇಳಿದೆ. ಜನರ ಮುಖ ಸಡಿಲವಾಗಲಿಲ್ಲ. ರೇಣುಕಾ ಮುಂದೆ ಬಂದಳು.

"ಹಂಗಾರ ಗಂಗಕ್ಕ ಎಂದೂ ಅನ್ನದ ಮಾತು ಅನಸ್ರಿ. ಅಕಿ ಗಂಡನ ಹೆಸರು ಹೇಳಸ್ರಿ ನೋಡೂಣು."

ಹೇಳಿಸಲೇ ಎಂದು ಕೇತಕಿ ಮೊದಲು ಗಂಗವ್ವನನ್ನು ಕೇಳಿದಳು. ಅವರು ಸೆರಗು ಬಾಯಿಗಿಟ್ಟುಕೊಂಡು ಹೂಂ ಎಂದು ತಲೆಯಾಡಿಸಿದರು. "ನನ್ನ ಗಂಡನ ಹೆಸರು ಬಸಪ್ಪ," ಎಂದಿತು ಲ್ಯಾಪ್‌ಟಾಪ್, ಗಂಗವ್ವನ ದನಿಯಲ್ಲಿ, ಒಂದಿಷ್ಟೂ ನಾಚದೆ.

ಓಣಿಗೆ ಓಣಿಯೇ ನಕ್ಕಿತು. ಬಸಪ್ಪನವರು ನಾಚಿ ಒಳಗೆ ಹೋದರು. "ಇಕಿ ಅಲ್ಲ ಬಿಡ್ರೆವಾ, ಸತ್ರೂ ಆ ಹೆಸರು ಹೇಳಾಕಿ ಅಲ್ಲ ಇಕಿ," ಎನ್ನುತ್ತ ರೇಣುಕಾ ಗಂಗವ್ವನ ಕೈ ಹಿಡಿದುಕೊಂಡಳು. ನಗುತ್ತಿದ್ದವಳು ಅಲ್ಲೇ ಅತ್ತಳು.

ರೇಣುಕಾಳ ಗಂಡನಿಗೆ ಹಳೆಯ ಕೆಲಸ ಮರಳಿ ಸಿಗಲಿಲ್ಲ. ಕೆಲವು ವಾರಗಳ ನಂತರ ಬೇರೆ ಕಾರ್ಖಾನೆಗೆ ಸೇರಿದ. ಪುಣ್ಯಕ್ಕೆ ಕೇತಕಿಯ ನೌಕರಿ ಉಳಿಯಿತು. ದನಿ ಕೊಟ್ಟವರನ್ನು ಪ್ರತಿ ಹೊಸ ಬಳಕೆಗೂ ಕೇಳಬೇಕು, ಯಂತ್ರ ಮಾತಾಡುವಾಗ ತಾನು ಯಂತ್ರವೆಂದು ಮೊದಲೇ ಹೇಳಬೇಕು ಎಂಬ ನಮ್ಮ ಬೇಡಿಕೆಯನ್ನು ಆ ಕಂಪನಿ ಒಪ್ಪಿದೆ. ಸರ್ಕಾರದ ಮಟ್ಟದಲ್ಲಿ ಇನ್ನೂ ಓಡಾಡುತ್ತಿದ್ದೇವೆ.

ತಪ್ಪನ್ನು ನಿಲ್ಲಿಸಿದರೆ ಸಾಲದು, ಯಾರು ಅದನ್ನು ಕೇಳಿ ನಂಬಿದರೋ ಅವರ ಮುಂದೆ ಹೋಗಿ ನಿಲ್ಲಬೇಕು. ನನಗೆ ಈ ವೃತ್ತಿ ಕಲಿಸಿದ ದೊಡ್ಡ ಪಾಠವಿದು. ಅಂದು ಕುರ್ಚಿ ಬಿಟ್ಟು ಏಳದ ಗಂಗವ್ವನಿಗೂ, ಬರುತ್ತೇನೆಂದ ಕೇತಕಿಗೂ ನಾನು ಋಣಿ.