ಚಪ್ಪಲಿ ಎಣಿಸಿದ ಮೇಷ್ಟ್ರು

ಶನಿವಾರ, ಭಾನುವಾರ ಬೆಂಗಳೂರಿನವರಿಗೆ ನಮ್ಮ ಸೀಮೆ ಸುತ್ತಿಸುವುದು ನನ್ನ ಕೆಲಸ. ಮೊದಲ ದಿನ ಹೊಳವನಹಳ್ಳಿ ಹತ್ತಿರದ ದ್ರಾಕ್ಷಿ ತೋಟ, ಸಂಜೆಗೆ ಪಾವಗಡದ ಕಡೆಯ ರಕ್ತಚಂದನದ ತೋಪು. ಎರಡನೆಯ ದಿನ ಬೆಳಗ್ಗೆ ಮಧುಗಿರಿ ಬೆಟ್ಟ, ಮಧ್ಯಾಹ್ನ ಸಿರಾದಲ್ಲಿ ಬಿರಿಯಾನಿ ತಿನ್ನಿಸಿ ಹೆದ್ದಾರಿಗೆ ಬಿಟ್ಟರೆ ಮುಗಿಯಿತು. ಟೂರ್ ಕಂಪನಿಯವನು ಪ್ರಚಾರದ ಹಾಳೆಯಲ್ಲಿ ಇದಕ್ಕೆ ‘ಕೆಂಪು ಮರದ ಕಾಡು, ವೈನ್ ನಾಡು’ ಎಂದು ಹಾಕಿಸಿದ್ದಾನೆ. ಕಾಡೆಂದರೆ ಒಬ್ಬ ರೈತ ಸಾಲಾಗಿ ನೆಟ್ಟ ಗಿಡಗಳು. ವೈನ್ ಎಂದರೆ ಸ್ಟೀಲ್ ಲೋಟದಲ್ಲಿ ದ್ರಾಕ್ಷಿ ರಸ. ಬರೆದವನು ಅವನು, ಬೈಸಿಕೊಳ್ಳುವವಳು ನಾನು.

ಹೋದ ಫೆಬ್ರವರಿಯಲ್ಲಿ ಹದಿಮೂರು ಜನರ ಗುಂಪು ಬಂತು. ಯಾವುದೋ ಪಾರ್ಕಿನಲ್ಲಿ ಬೆಳಗ್ಗೆ ಒಟ್ಟಿಗೆ ವಾಕ್ ಮಾಡುವವರಂತೆ. ಮಿನಿಬಸ್ಸಿನಿಂದ ಎಂಟನೆಯವರಾಗಿ ಇಳಿದವರು ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದರು. ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿದ್ದರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು ನೋಡಿ, ನನಗೆ ಮೈಯೆಲ್ಲ ಉರಿದುಹೋಯಿತು. ಮಿಡಿಗೇಶಿ ಶಾಲೆಯಲ್ಲಿ ನನಗೆ ಏಳನೇ ಕ್ಲಾಸಿಗೆ ಪಾಠ ಮಾಡಿದ ಮೇಷ್ಟ್ರು! ಮೂವತ್ತು ವರ್ಷ ಆಗಿದೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ, ಅವತ್ತೂ ನಾನು ಅವರ ಕಣ್ಣಿಗೆ ಬಿದ್ದಿರಲಿಲ್ಲವಲ್ಲ.

ಅವತ್ತು ನಡೆದದ್ದನ್ನು ಹೇಳಿಬಿಡುತ್ತೇನೆ. ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಕ್ಲಾಸನ್ನು ಮಧುಗಿರಿ ಬೆಟ್ಟಕ್ಕೆ ಕರೆದುಕೊಂಡು ಬಂದರು. ಬಂಡೆಯ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆಂದು ಎಲ್ಲರ ಕೈಲೂ ಬುಡದಲ್ಲೇ ಚಪ್ಪಲಿ ಬಿಡಿಸಿದರು. ಅರ್ಧ ಬೆಟ್ಟದಲ್ಲಿ, ದಾರಿಯಿಂದ ಸ್ವಲ್ಪ ಒಳಗೆ, ಕೋಟೆಯ ಹಳೆಯ ಕಣಜವಿದೆ. ಒಳಗೆ ತಂಪಾಗಿತ್ತು. ಇಳಿಯುವಾಗ ಸುಸ್ತಾಗಿ ಅಲ್ಲಿ ಕೂತವಳು ಹಾಗೇ ನಿದ್ದೆ ಹೋದೆ. ಎದ್ದಾಗ ಬಿಸಿಲು ಇಳಿದಿತ್ತು, ಬೆಟ್ಟದ ಮೇಲೆ ನರಪಿಳ್ಳೆಯೂ ಇರಲಿಲ್ಲ. ಕೂಗಿದೆ, ಅತ್ತೆ, ಲಂಗದಲ್ಲೇ ಉಚ್ಚೆ ಹೊಯ್ದುಕೊಂಡೆ. ಕೊನೆಗೆ ಆಡು ಹುಡುಕಿಕೊಂಡು ಬಂದ ಅಜ್ಜಿಯೊಬ್ಬಳು ಕೈ ಹಿಡಿದು ಇಳಿಸಿ ಮಿಡಿಗೇಶಿ ಬಸ್ಸಿಗೆ ಹತ್ತಿಸಿದಳು.

ಬಿಟ್ಟುಹೋದದ್ದು ಹೇಗೆಂದು ಮರುದಿನ ಪ್ರಾರ್ಥನೆಗೆ ಮುಂಚೆಯೇ ಗೆಳತಿ ಹೇಳಿದಳು. ಮೇಷ್ಟ್ರು ತಲೆ ಎಣಿಸಿರಲಿಲ್ಲ, ಚಪ್ಪಲಿ ಎಣಿಸಿದ್ದರು. ಇಳಿದಿಳಿದು ಬಂದವರೆಲ್ಲ ಮೆಟ್ಟಿಕೊಂಡರು, ಬುಡದಲ್ಲಿ ಒಂದು ಜೋಡಿಯೂ ಉಳಿಯಲಿಲ್ಲ, ಎಲ್ಲರೂ ಬಂದರೆಂದು ಹೊರಟೇಬಿಟ್ಟರು. ನನಗೆ ಚಪ್ಪಲಿಯೇ ಇರಲಿಲ್ಲ. ಇಡೀ ಕ್ಲಾಸಿನಲ್ಲಿ ಬರಿಗಾಲಿನವಳು ನಾನೊಬ್ಬಳೇ.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆಮೇಲೆ ಪ್ರಾರ್ಥನೆಯಲ್ಲಿ ಮೇಷ್ಟ್ರು ನನ್ನನ್ನು ಮುಂದಕ್ಕೆ ಕರೆದು, ಅವ್ವನನ್ನೂ ಕರೆಸಿ, ಎಲ್ಲರ ಮುಂದೆ ಹೇಳಿಸಿದರು: “ನಂದೇ ತಪ್ಪು ಸಾರ್, ಯೋಳ್ದೆ ಓಗ್ಬುಟ್ಟೆ.” ಎರಡು ಸಲ ಹೇಳಿಸಿದರು, ಮೊದಲನೆಯದು ಹಿಂದಿನವರಿಗೆ ಕೇಳಿಸಲಿಲ್ಲವಂತೆ. ಅವ್ವ ಅಲ್ಲೇ ಬೆನ್ನಿಗೆ ಗುದ್ದಿ, “ಲೇ, ಮಾನ ಕಳೆದ್ಬುಟ್ಟಲ್ಲೇ” ಅಂದಳು. ನಿಜ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಿದರೆ, ಮಗಳಿಗೆ ಒಂದು ಜೊತೆ ಚಪ್ಪಲಿ ಕೊಡಿಸಲಾಗದೆ ಹೀಗಾಯಿತೆಂದು ಅವ್ವನಿಗೆ ಹೇಳಿದ ಹಾಗೆ. ಬಾಯಿ ಮುಚ್ಚಿಕೊಂಡೆ.

ಅವ್ವ ಸಾಯುವ ತನಕ ಅದನ್ನೇ ನಂಬಿದ್ದಳು. ನಾನು ಈ ಕೆಲಸಕ್ಕೆ ಸೇರಿದಾಗಲೂ ನಕ್ಕು, “ನೀನು ಜನಾನ ದಾರಿ ತೋರ್ಸಿ ಕರ್ಕೊಂಡೋಗ್ತೀಯಾ? ನೀನೇ ಬೆಟ್ಟದಲ್ಲಿ ತಪ್ಪಿಸ್ಕಂಡವಳು ಕಣಮ್ಮ” ಅಂದಿದ್ದಳು.

ಬಿಳಿ ಬೂಟು ನೋಡಿದ ಕ್ಷಣವೇ ನನಗೆ ಬೇಕಾದದ್ದು ಏನೆಂದು ಗೊತ್ತಾಯಿತು. ‘ನಂದೇ ತಪ್ಪು’ ಎಂಬ ಮಾತು ಮೇಷ್ಟ್ರ ಬಾಯಿಂದ ಬರಬೇಕು, ನಾಲ್ಕು ಜನರ ಮುಂದೆ.

ದ್ರಾಕ್ಷಿ ತೋಟದಲ್ಲಿ ಎಲ್ಲರಿಗೂ ಲೋಟ ಕೊಟ್ಟೆ. “ಇದೇನ್ರೀ, ಬರೀ ಜ್ಯೂಸು!” ಎಂದು ಒಬ್ಬರು ಮುಖ ಹುಳ್ಳಗೆ ಮಾಡಿದರು. ಮೇಷ್ಟ್ರು ಮಾತ್ರ ಎರಡು ಲೋಟ ಕುಡಿದು, ತಾವು ಈ ಸೀಮೆಯಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದು, ಎಷ್ಟು ಮಕ್ಕಳನ್ನು ತಿದ್ದಿದ್ದು ಎಂದು ಶುರುಮಾಡಿದರು. ನಾನು ಎಡಬಿಡದೆ ನಗುತ್ತಿದ್ದೆ. ನಗುವುದೂ ನನ್ನ ಕೆಲಸದಲ್ಲೇ ಸೇರಿದೆ.

ಸಂಜೆ ತೋಪಿನಲ್ಲಿ ರೈತ ಒಂದು ಮರದ ತೊಗಟೆ ಕೆತ್ತಿ, ಗಡಿಸೀಮೆಯ ತೆಲುಗು ಬೆರೆಸಿ, “ಚೂಡಂಡಿ ಸಾರ್, ಎರ್ರ ಚಂದನಂ, ಒಳಗೆಲ್ಲ ರಕ್ತದಂಗೆ ಐತೆ” ಎಂದು ತೋರಿಸುತ್ತಿದ್ದ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಮೇಷ್ಟ್ರು ನನ್ನ ಪಕ್ಕಕ್ಕೆ ಬಂದು, “ನಾಳೆ ಬೆಟ್ಟದಲ್ಲಿ ಜನಾನ ಹೇಗಮ್ಮಾ ಎಣಿಸ್ತೀಯಾ?” ಎಂದು ಕೇಳಿದರು.

“ತಲೆ ಎಣಿಸ್ತೀನಿ ಸಾರ್.”

“ತಲೆಗಳು ಓಡಾಡ್ತಾ ಇರ್ತವೆ, ತಪ್ಪುತ್ತೆ. ನಾನೊಂದು ಉಪಾಯ ಹೇಳ್ಕೊಡ್ತೀನಿ. ಬುಡದಲ್ಲಿ ಎಲ್ರ ಚಪ್ಪಲಿ ಬಿಡಿಸು. ಇಳಿದ ಮೇಲೆ ಒಂದು ಜೋಡೀನೂ ಉಳೀಲಿಲ್ವಾ, ಎಲ್ರೂ ಬಂದ್ರು ಅಂತಾನೇ ಲೆಕ್ಕ. ಇಷ್ಟು ವರ್ಷದಲ್ಲಿ ಒಂದೇ ಒಂದು ಮಗು ಕಳೆದಿಲ್ಲ ನಾನು.”

ಅಯ್ಯೋ ಶಿವನೇ! ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಆ ನುಣ್ಣಗಿನ ತಲೆಗೆ ಬೀಸಬೇಕು ಅನ್ನಿಸಿತು. “ಒಳ್ಳೇ ಉಪಾಯ ಸಾರ್. ನಾಳೆ ಅಂಗೇ ಮಾಡಾಣ” ಅಂದೆ.

ಬೆಳಗ್ಗೆ ಬರಿಗಾಲಿನ ವಿಷಯ ಹೇಳಿದ್ದೇ ತಡ, ಬೆಂಗಳೂರಿನವರು ಕುಣಿದಾಡಿದರು. ನೆಲಕ್ಕೆ ಕಾಲು ತಾಗಿದರೆ ಬಿ.ಪಿ. ಇಳಿಯುತ್ತದಂತೆ. ಹದಿಮೂರು ಜೋಡಿ ಬೂಟು ಸಾಲಾಗಿ ನಿಂತವು. ಎಲ್ಲರೂ ಮುಂದೆ ಹೋದ ಮೇಲೆ ನಾನು ಬಿಳಿ ಜೋಡಿಯನ್ನು ಎತ್ತಿ ನನ್ನ ಬ್ಯಾಗಿಗೆ ತುರುಕಿದೆ. ಮುಂದೇನು ಮಾಡಬೇಕೆಂದು ನಿಜವಾಗಿಯೂ ಗೊತ್ತಿರಲಿಲ್ಲ. ಬಸ್ಸಿನ ತನಕ ಬರಿಗಾಲಲ್ಲಿ ನಡೆದು ಅಂಗಾಲು ಸುಡಲಿ, ಅಷ್ಟೇ ಸಾಕು ಅಂದುಕೊಂಡಿದ್ದೆ.

ಅರ್ಧಕ್ಕೆ ಬಂದಾಗ ಮೇಷ್ಟ್ರ ಮೊಣಕಾಲು ಹಿಡಿದುಕೊಂಡಿತು. “ನೀವೆಲ್ಲ ಹೋಗಿ ಬನ್ನಿ, ನಾನಿಲ್ಲೇ ಎಲ್ಲಾದ್ರೂ ಕೂತಿರ್ತೀನಿ” ಅಂದರು.

“ಆ ಕಣಜದೊಳಗೆ ತಂಪಾಗೈತೆ ಸಾರ್” ಅಂದೆ. ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು ಕೊಟ್ಟೆ. ನಾನೇನು ಕೊಲೆಗಡುಕಿಯಲ್ಲ. ಅವರ ಫೋನು ಬಸ್ಸಿನಲ್ಲಿ ಚಾರ್ಜಿಗೆ ಹಾಕಿದಲ್ಲೇ ಇತ್ತು, ಅದನ್ನೂ ನೋಡಿಕೊಂಡಿದ್ದೆ.

ತುದಿ ಮುಟ್ಟಿ ಇಳಿಯುವಾಗ ನಾನು ಮುಂದಾಗಿ ಹೋಗಿ ಕಣಜದಲ್ಲಿ ಇಣುಕಿದೆ. ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ದಾರಿಗೆ ಬಂದು ಗುಂಪಿಗೆ, “ಮೇಷ್ಟ್ರು ಆಗ್ಲೇ ಇಳಿದ್ರು” ಅಂದೆ. ಸುಳ್ಳು. ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಬುಡದಲ್ಲಿ ಹನ್ನೆರಡು ಜನ ಬೂಟು ಹಾಕಿಕೊಂಡರು. “ಒಂದು ಜೋಡಿನೂ ಉಳಿದಿಲ್ಲ. ಲೆಕ್ಕ ಸರಿಯಾಗೈತೆ, ಬಸ್ ಹತ್ತಿ” ಅಂದೆ. ಹತ್ತಿದರು, ಡ್ರೈವರ್ ಎಂಜಿನ್ನನ್ನೂ ಚಾಲು ಮಾಡಿದ. ಆಗ ಹಿಂದಿನ ಸೀಟಿನ ಹೆಂಗಸೊಬ್ಬರು, “ಅಯ್ಯೋ, ಮೇಷ್ಟ್ರೆಲ್ಲಿ?” ಎಂದು ಕೂಗಿದರು.

ನಾನು ಬ್ಯಾಗಿನಿಂದ ಬಿಳಿ ಬೂಟು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ನಿಂತಲ್ಲೇ ಎಲ್ಲ ಹೇಳಿದೆ. ಕಣಜ, ಉಚ್ಚೆ ಹೊಯ್ದ ಲಂಗ, ಪ್ರಾರ್ಥನೆ, ಬೆನ್ನಿಗೆ ಬಿದ್ದ ಗುದ್ದು, ಒಂದನ್ನೂ ಬಿಡಲಿಲ್ಲ.

“ಏನ್ರೀ ಇದು, ವಯಸ್ಸಾದವರು ಅವರು!” ಎಂದು ಒಬ್ಬರು ಎದ್ದು ನಿಂತರು.

“ನಂಗವತ್ತು ಹನ್ನೆರಡು ವರ್ಷ ಸಾರ್. ಕೂತ್ಕೊಳ್ಳಿ, ಕರ್ಕೊಂಡು ಬತ್ತೀನಿ.”

ನಾನು ಮತ್ತೆ ಹತ್ತುವಷ್ಟರಲ್ಲಿ ಬಂಡೆ ಕಾಯತೊಡಗಿತ್ತು. ದೂರದಿಂದಲೇ ಕೂಗು ಕೇಳಿಸಿತು. ಅವರು ಕಣಜದ ಬಾಗಿಲಲ್ಲಿ ಕಲ್ಲು ಹಿಡಿದು ನಿಂತಿದ್ದರು, ಒಂದು ಕಾಲು ಇಟ್ಟರೆ ಇನ್ನೊಂದನ್ನು ಎತ್ತುತ್ತಿದ್ದರು.

“ಎಲ್ರೂ ಇಳಿದ್ಬಿಟ್ರಾ? ನನ್ನನ್ನ ಎಣಿಸಲೇ ಇಲ್ವಾ ನೀನು?”

“ಎಣಿಸ್ದೆ ಸಾರ್. ಕೆಳಗೆ ಒಂದು ಜೋಡಿನೂ ಉಳಿದಿರ್ಲಿಲ್ಲ.”

ಬೂಟುಗಳನ್ನು ಅವರ ಮುಂದೆ ಇಟ್ಟೆ. ಅವರು ಬೂಟು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನನ್ನ ಬರಿಗಾಲು ನೋಡಿದರು. ಅಲ್ಲೇ ಕುಸಿದು ಕೂತರು.

“ಮಿಡಿಗೇಶಿ ಹುಡುಗಿ” ಅಂದರು. “ಚಪ್ಪಲಿ ಇಲ್ಲದವಳು.”

ಅಂದರೆ ನೆನಪಿತ್ತು!

“ಅವತ್ತು ಬಸ್ಸು ಅರ್ಧ ದಾರಿಗೆ ಬಂದಾಗಲೇ ನನಗೆ ಗೊತ್ತಾಯ್ತು ಕಣಮ್ಮ. ವಾಪಸ್ ತಿರುಗಿಸಿದ್ರೆ ಹೆಡ್‌ಮೇಷ್ಟ್ರಿಗೆ ತಿಳಿಯುತ್ತೆ ಅಂತ ಭಯ. ಹೊಸ ಕೆಲಸ. ಯಾರಾದ್ರೂ ಕರ್ಕೊಂಡು ಬರ್ತಾರೆ ಅಂತ ಸುಮ್ನಿದ್ಬಿಟ್ಟೆ.”

ಗೊತ್ತಿದ್ದೂ! ಮೂವತ್ತು ವರ್ಷ ನಾನು ಇವರನ್ನು ಬೇಜವಾಬ್ದಾರಿ ಮನುಷ್ಯ ಅಂತಷ್ಟೇ ಬೈದುಕೊಂಡಿದ್ದೆ. ಕಡಿಮೆ ಬೈದಿದ್ದೆ. “ಅದನ್ನ ಕೆಳಗೆ ಬಂದು ಹೇಳಿ. ಇಲ್ಲಾಂದ್ರೆ ನಿಮ್ಮನ್ನ ಇಳಿಸಾಕೆ ಆಡಿನ ಅಜ್ಜಿ ಬರ್ಬೇಕು. ಅವ್ಳು ಸತ್ತೋಗಿ ಎಷ್ಟೋ ಕಾಲ ಆಯ್ತು” ಅಂದೆ.

ನನ್ನ ಹೆಗಲು ಹಿಡಿದುಕೊಂಡೇ ಇಳಿದರು. ಬಸ್ಸಿನ ಬಾಗಿಲ ಹತ್ತಿರ ಹನ್ನೆರಡು ಜನರೂ ನಿಂತಿದ್ದರು. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, “ನಂದೇ ತಪ್ಪು. ಗೊತ್ತಿದ್ದೂ ಬಿಟ್ಟುಹೋದೆ. ತಪ್ಪು ಇವಳ ತಲೆಗೆ ಕಟ್ಟಿದೆ” ಅಂದರು.

“ಹಿಂದಿನವರಿಗೆ ಕೇಳಿಸ್ಲಿಲ್ಲ ಸಾರ್.”

ಇನ್ನೊಂದು ಸಲ ಹೇಳಿದರು, ಜೋರಾಗಿ. ನನಗೆ ಎಂಥಾ ಖುಷಿಯಾಯಿತೆಂದರೆ, ಅದನ್ನು ಮುಚ್ಚಿಡಲು ಡ್ರೈವರ್ ಕಡೆ ತಿರುಗಿ ಸುಮ್ಮನೆ ಟೈರಿನ ಬಗ್ಗೆ ಏನೋ ಕೇಳಿದೆ.

ಎಲ್ಲರೂ ಹತ್ತಿದರು. ನಾನು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತ ಹೋದೆ. ಹದಿಮೂರನೆಯದನ್ನು ಮುಟ್ಟಿದಾಗ ಅವರು ಕತ್ತೆತ್ತಿದರು, ಕಣ್ಣು ಕೆಂಪಾಗಿತ್ತು.

“ನಿಮ್ಮವ್ವನಿಗೂ ಹೇಳ್ಬೇಕು ನಾನು. ಸಿರಾಕ್ಕೆ ಹೋಗೋ ಮುಂಚೆ ಮಿಡಿಗೇಶಿಗೆ ಬಸ್ ತಿರುಗಿಸು, ಮನೆಗೆ ಬಂದು ಹೇಳ್ತೀನಿ. ಇದ್ದಾರೆ ತಾನೇ?”

ಆ ಪುಣ್ಯಾತ್ಮನ ತಲೆಯ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು.

“ನಾಕು ತಿಂಗಳಾಯ್ತು ಸಾರ್, ಅವ್ವ ಓಗಿ” ಅಂದೆ. ಡ್ರೈವರ್‌ಗೆ ಸಿರಾ ರಸ್ತೆ ಹಿಡಿಯಲು ಹೇಳಿ, ಮುಂದಿನ ಸೀಟಿಗೆ ಬಂದು ಕೂತೆ.